ಸತ್ತಿದ್ದು ವೈರ್ ಅಲ್ಲ, ಅರ್ಥಿಂಗ್

ಬೆಂಗಳೂರಿನಲ್ಲಿ ಹಳೇ ಕಾರು ಇಟ್ಟುಕೊಂಡಿರೋ ನಮ್ಮಂಥವರಿಗೆ ಒಂದು ಮಾತು ಬಾಯಿಪಾಠ ಆಗಿಹೋಗಿದೆ: "ಫುಲ್ ವೈರಿಂಗ್ ಚೇಂಜ್ ಮಾಡಿಸ್ಬೇಕು ಸರ್." ಹಾರ್ನ್ ಕೂಗಲ್ವಾ? ಫುಲ್ ವೈರಿಂಗ್. ಪೆಟ್ರೋಲ್ ಮುಳ್ಳು ಕುಣೀತಿದೆಯಾ? ಫುಲ್ ವೈರಿಂಗ್. ತಲೆನೋವು ಅಂತ ಹೋದರೆ ತಲೆಯನ್ನೇ ಬದಲಾಯಿಸೋಣ ಅನ್ನೋ ಡಾಕ್ಟರ ಹತ್ತಿರ ಯಾರೂ ಎರಡನೇ ಸಲ ಹೋಗಲ್ಲ. ಕಾರಿನ ವಿಷಯದಲ್ಲಿ ಮಾತ್ರ ಹೂಂ ಅಂತೀವಿ.

ನಾನೂ ಹೂಂ ಅನ್ನೋನಿದ್ದೆ. ನನ್ನದು 1978ರ ಅಂಬಾಸಿಡರ್. (2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದರಷ್ಟೇ 'ವಿಂಟೇಜ್', ಹಾಗಾಗಿ ಇದು ಬರೀ ಹಳೇ ಕಾರು.) ಹೊಸದಾಗಿ ಪೇಂಟ್ ಮಾಡಿಸಿದ ಮೇಲೆ ಹಿಂದಿನ ಕೆಂಪು ದೀಪ ಮಂಕಾಯ್ತು. ಬಲಗಡೆ ಇಂಡಿಕೇಟರ್ ಹಾಕಿದರೆ ಅದರ ಜೊತೆ ಟೇಲ್ ಲೈಟೂ ಮಿಟುಕೋದು. ಗ್ಯಾರೇಜಿನವರು ಮೀಟರ್ ಕೂಡ ಹಚ್ಚದೆ 40 ಸಾವಿರದ ಎಸ್ಟಿಮೇಟ್ ಕೊಟ್ಟರು.

ಆಮೇಲೊಮ್ಮೆ ಬೆಳಗಾವಿಯಿಂದ ಗೋಕಾಕಕ್ಕೆ ಹೋಗುವಾಗ ಅಂಕಲಗಿ ಹತ್ತಿರ ಕತ್ತಲಾಯ್ತು, ಹಿಂದಿನ ದೀಪ ಪೂರ್ತಿ ಹೋಯ್ತು. ಕಬ್ಬಿನ ಹಂಗಾಮು. ಕೆಂಪು ದೀಪ ಇಲ್ಲದ ಟ್ರೇಲರುಗಳ ನಡುವೆ ಕೆಂಪು ದೀಪ ಇಲ್ಲದ ಇನ್ನೊಂದು ಗಾಡಿ ನಾನು. ಟ್ರ್ಯಾಕ್ಟರ್ ವೈರಿಂಗ್ ಮಾಡೋ ಮಿಸ್ತ್ರಿಯೊಬ್ಬ ಸಿಕ್ಕ. ಅವನ ಮೊದಲ ಪ್ರಶ್ನೆಯೇ, "ಹೊಸಾ ಬಣ್ಣ ಹೊಡಿಸೀರೇನ್ರಿ?"

ಒಂದು ತುಂಡು ವೈರ್ ತಗೊಂಡು ಒಂದು ತುದಿಯನ್ನು ದೀಪದ ಹೋಲ್ಡರಿಗೆ, ಇನ್ನೊಂದನ್ನು ಡಿಕ್ಕಿಯೊಳಗೆ ಬಣ್ಣ ಕೆರೆದ ಕಬ್ಬಿಣಕ್ಕೆ ಹಿಡಿದ. ದೀಪ ಧಗ್ ಅಂತು. "ವೈರ್ ಸತ್ತಿಲ್ರೀ ಸಾಹೇಬ್ರ, ಅರ್ಥಿಂಗ್ ಸತ್ತೈತಿ."

ಈ ಕಾರುಗಳಲ್ಲಿ ಬ್ಯಾಟರಿಯಿಂದ ದೀಪಕ್ಕೆ ಹೋಗೋದು ವೈರ್, ವಾಪಸ್ ಬರೋ ದಾರಿ ಬಾಡಿಯೇ. ಸ್ಕ್ರೂ ಕೆಳಗೆ ಬಣ್ಣವೋ ತುಕ್ಕೋ ಕೂತರೆ ಕರೆಂಟು ಪಕ್ಕದ ಬಲ್ಬಿನ ಫಿಲಮೆಂಟ್ ಮೂಲಕ ದಾರಿ ಹುಡುಕುತ್ತೆ. ಎರಡು ದೀಪ ಒಟ್ಟಿಗೆ ಮಿಟುಕೋದು ಅದಕ್ಕೇ. 45 ವ್ಯಾಟ್‌ನ ಹೆಡ್‌ಲೈಟಿನ ದಾರಿಯಲ್ಲಿ ಬರೀ ಅರ್ಧ ಓಮ್ ಅಡ್ಡ ಬಂದರೂ 12 ವೋಲ್ಟಿನಲ್ಲಿ ಒಂದೂವರೆ ಅಲ್ಲೇ ಉಳಿದು, ಬೆಳಕಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಾಯ. ಹುಡುಕೋದು ಕಷ್ಟವೇನಲ್ಲ. ದೀಪ ಉರೀತಿರುವಾಗಲೇ ಮೀಟರಿನ ಒಂದು ಕಡ್ಡಿ ದೀಪದ ಅರ್ಥಿಂಗಿಗೆ, ಇನ್ನೊಂದು ಬ್ಯಾಟರಿಯ ಅರ್ಥಿಂಗಿಗೆ. ಸೊನ್ನೆಯ ಆಸುಪಾಸು ಬರಬೇಕು. ಒಂದೂವರೆ ಬಂತೋ, ಕಳ್ಳ ಅಲ್ಲೇ ಇದ್ದಾನೆ. ದೀಪ ಆರಿಸಿ ಓಮ್ ಅಳೆದರೆ ಮೋಸ ಹೋಗ್ತೀರಿ. ಒಂದೇ ಎಳೆ ತಾಮ್ರ ಉಳಿದಿದ್ದರೂ ಮೀಟರು "ಸರಿಯಿದೆ" ಅನ್ನುತ್ತೆ.

"ಆದರೆ ಫುಲ್ ವೈರಿಂಗ್ ಮಾಡಿಸಿದ ಮೇಲೆ ನನ್ನ ಕಾರು ಸರಿಹೋಯ್ತಲ್ಲ" ಅಂತೀರಿ. ಹೋಗೇ ಹೋಗುತ್ತೆ. ಬಿಚ್ಚಿ ಕಟ್ಟುವಾಗ ಹತ್ತಾರು ಸ್ಕ್ರೂ ಉಜ್ಜಿರ್ತಾರೆ. ವಾಸಿ ಮಾಡಿದ್ದು ಆ ಉಜ್ಜುಕಾಗದ, ಬಿಲ್ಲು ಹೊಸ ವೈರಿಂದು. ಇನ್ಸುಲೇಶನ್ ಬಿರುಕು ಬಿಟ್ಟಿದ್ದರೆ ಬದಲಾಯಿಸಲೇಬೇಕು, ಒಪ್ಪಿದೆ; ಶಾರ್ಟ್ ಆದರೆ ಬೆಂಕಿ. ಆದರೆ ಬಿರುಕು ಎಲ್ಲಿದೆ ಅಂತ ತೋರಿಸಿ ಬದಲಾಯಿಸಲಿ. ನನಗೆ ನಿಜವಾಗಿ ಸಿಟ್ಟು ಬರೋದು ಬಣ್ಣದ ವಿಷಯಕ್ಕೆ. ಬ್ರಿಟಿಷ್ ಪದ್ಧತಿಯ ಹಳೇ ವೈರಿಂಗಲ್ಲಿ ಕಂದು ಅಂದ್ರೆ ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿದ್ದು, ಕಪ್ಪು ಅರ್ಥಿಂಗ್. ಅದನ್ನೆಲ್ಲ ಕಿತ್ತು ಸಿಕ್ಕಿದ ಕೆಂಪು ವೈರ್ ಎಳೆದು ಟೇಪ್ ಸುತ್ತಿದರೆ ಮುಂದಿನ ಸಲ ಕೆಟ್ಟಾಗ ಯಾವನಿಗೂ ಗೊತ್ತಾಗಲ್ಲ. ಆಗ ಮತ್ತೆ ಫುಲ್ ವೈರಿಂಗ್!

ಅಂಕಲಗಿಯ ಮಿಸ್ತ್ರಿ ಸ್ಕ್ರೂ ಜಾಗ ಕೆರೆದು, ಹಲ್ಲಿನ ವಾಷರ್ ಹಾಕಿ, ವ್ಯಾಸಲೀನ್ ಬಳಿದು, ದೀಪದಿಂದ ಬಾಡಿಗೆ ಒಂದು ಕಪ್ಪು ವೈರ್ ಕೊಟ್ಟ. ಅರ್ಧ ಗಂಟೆ, ಇನ್ನೂರು ರೂಪಾಯಿ. ಇಷ್ಟು ಬೇಗ ಹೇಗೆ ಗೊತ್ತಾಯ್ತು ಅಂದೆ. ಹೊರಗೆ ನಿಂತ ಕಬ್ಬಿನ ಟ್ರೇಲರ್ ಕಡೆ ಕೈ ಮಾಡಿದ. ಅದರ ದೀಪಕ್ಕೂ ಅರ್ಥಿಂಗ್ ಅಂದ್ರೆ ತುಕ್ಕು ಹಿಡಿದ ಜೋಡಣೆ ಪಿನ್ನೇ. "ದಿನಾ ಇದ ಕೆಲಸ ನಮ್ದು" ಅಂದು, ಸ್ಕ್ರೂಡ್ರೈವರ್ ತಗೊಂಡು ಅದರ ಹಿಂದಕ್ಕೆ ಹೋದ.