ನಗರದ ದಂಗೆ ಏಕೆ ಸೋತಿತು?

ವ್ಯಾಜ್ಯದ ಕಾಗದಗಳನ್ನು ಕಂಕುಳಲ್ಲಿರಿಸಿಕೊಂಡು ರಾಜಾಜಿನಗರದಿಂದಲೋ ವಿಜಯನಗರದಿಂದಲೋ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡಕ್ಕೆ ಹೋಗುವ ನಮ್ಮ ವಾಚಕರು, ಆ ಅಠಾರಾ ಕಚೇರಿಯು ಅರಸರಿದ್ದ ಮೈಸೂರಿನಲ್ಲಿರದೆ ಬೆಂಗಳೂರಿನಲ್ಲೇಕೆ ಎದ್ದಿತೆಂದು ಯೋಚಿಸಿರಲಾರರು. ಅದರ ಮೂಲವು ಮಲೆನಾಡಿನಲ್ಲಿ 1830-31ರಲ್ಲಿ ನಡೆದ ಒಂದು ದಂಗೆಯಲ್ಲಿದೆ.

ನಗರವೆಂದರೆ ಇಲ್ಲಿ ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರಾಲಿಯು ಅದನ್ನು ಗೆದ್ದು ತನ್ನ ಹೆಸರಿಟ್ಟನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಅಲ್ಲಿನ ದೊಡ್ಡ ಹುದ್ದೆಗಳು ಬಹುವರ್ಷ ಒಂದೇ ಬಂಧುವರ್ಗದ ಕೈಯಲ್ಲಿದ್ದವು. ಮೇಲಾಗಿ 'ಶರತ್ತು' ಎಂಬ ಪದ್ಧತಿ. ಇಂತಿಷ್ಟು ಹಣವನ್ನು ಕಟ್ಟಿಯೇ ತೀರುವೆನೆಂದು ಅಮಲ್ದಾರನು ಸರ್ಕಾರಕ್ಕೆ ಬರೆದುಕೊಡುವನು. ವಸೂಲಿ ಕಡಮೆಯಾದರೆ ತನ್ನ ಕೈಯಿಂದ ತುಂಬಬೇಕು. ಕೈಯಿಂದ ಕೊಡುವ ಅಮಲ್ದಾರನನ್ನು ಯಾರು ಕಂಡಿದ್ದಾರೆ? ಭಾರವೆಲ್ಲ ರೈತನ ಬೆನ್ನಿಗೇ ಬಿದ್ದಿತು.

ರೈತರು ಮೊದಲು ಕತ್ತಿ ಹಿಡಿಯಲಿಲ್ಲ. ಅಲ್ಲಲ್ಲಿ 'ಕೂಟ' ಸೇರಿ, ಕಂದಾಯ ಕೊಡೆವೆಂದು ಕುಳಿತರು. ಆ ಸಮಯಕ್ಕೆ ಬಂದವನು ಬೂದಿ ಬಸವಪ್ಪ. ನಗರದ ಹಳೆಯ ಅರಸರ ಮುದ್ರೆಯನ್ನು ತೋರಿಸಿ, ತಾನೇ ಆ ವಂಶದವನೆಂದು ಹೇಳಿಕೊಂಡು, ಬಾಕಿಯನ್ನು ಮನ್ನಾ ಮಾಡುವೆನೆಂದು ಮಾತುಕೊಟ್ಟನು. ಇತ್ತ ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನು ಮೈಸೂರಿನಿಂದ ತಪ್ಪಿಸಿಕೊಂಡು ಬಂದು ದುರ್ಗಗಳನ್ನು ಹಿಡಿದನು. ಮಹಾರಾಜರ ದಂಡು ಸಾಲದೆ ಕಂಪನಿಯ ಪಡೆಯು ಬಂದಿತು. 1831ರ ಜೂನ್ ತಿಂಗಳಲ್ಲಿ ನಗರದ ಕೋಟೆಯು ಬಿದ್ದಿತು.

ಸೋಲಿಗೆ ಕಂಪನಿಯ ತೋಪುಗಳೇ ಕಾರಣವೆಂದು ಬಿಡುವುದು ಸುಲಭ. ನನ್ನೆಣಿಕೆಯಲ್ಲಿ ಕಾರಣವು ಇನ್ನೂ ಒಳಗಿನದು. ರೈತನಿಗೆ ಬೇಕಾದುದು ನ್ಯಾಯವಾದ ಕಂದಾಯ. ಬಸವಪ್ಪನಿಗೆ ನಗರದ ಗದ್ದುಗೆ. ರಂಗಪ್ಪನಿಗೆ ತರೀಕೆರೆಯ ಪಾಳೆಯಪಟ್ಟು. ನೊಗಕ್ಕೆ ಮೂರು ದಿಕ್ಕಿನ ಎತ್ತುಗಳನ್ನು ಕಟ್ಟಿದಂತಾಯಿತು.

ಇಂತಹುದು ನಮ್ಮಲ್ಲಿ ಮಾತ್ರ ನಡೆದುದಲ್ಲ. ಸ್ಕಾಟ್ಲೆಂಡಿನಲ್ಲಿ ಆರ್ಗೈಲ್ ಪ್ರಭುವು 1685ರಲ್ಲಿ ದೊರೆ ಜೇಮ್ಸನ ಮೇಲೆ ದಂಗೆಯೆದ್ದು, ಹಾಲೆಂಡಿನಿಂದ ಮೂರು ಹಡಗುಗಳಲ್ಲಿ ಬಂದಿಳಿದನು. ತನ್ನ ಕುಲದವರಿರುವ ಬೆಟ್ಟದ ಸೀಮೆಯಲ್ಲಿ ಬಲ ಕೂಡಿಸಬೇಕೆಂಬುದು ಅವನ ಹಟ. ತಗ್ಗುನಾಡಿಗೆ ನಡೆಯಬೇಕೆಂಬುದು ಜೊತೆಯವರ ಹಟ. ಸರ್ಕಾರವು ಮೊದಲೇ ಎಚ್ಚತ್ತಿತ್ತು. ನಂಬಿದಷ್ಟು ಜನ ಸೇರಲಿಲ್ಲ. ಜೂನ್ 18ರಂದು ಅವನು ಸೆರೆಸಿಕ್ಕಿ, 30ರಂದು ಎಡಿನ್‌ಬರೋದಲ್ಲಿ ತಲೆಗೊಟ್ಟನು. ಆದರೆ ಮೂರೇ ವರ್ಷಗಳಲ್ಲಿ ಗೆದ್ದ ಜೇಮ್ಸನೇ ಸಿಂಹಾಸನವನ್ನು ಬಿಟ್ಟು ಓಡಬೇಕಾಯಿತು!

ನಮ್ಮ ಮಹಾರಾಜರಿಗೆ ಮೂರು ವರ್ಷವೂ ಸಿಕ್ಕಲಿಲ್ಲ. ಕೋಟೆ ಬಿದ್ದ ನಾಲ್ಕನೆಯ ತಿಂಗಳಿನಲ್ಲಿ, 1831ರ ಅಕ್ಟೋಬರಿನಲ್ಲಿ, ಗವರ್ನರ್ ಜನರಲ್ ಬೆಂಟಿಂಕನು ದುರಾಡಳಿತದ ನೆಪವೊಡ್ಡಿ ರಾಜ್ಯಭಾರವನ್ನೇ ಕಸಿದುಕೊಂಡನು. ನೆಪವೆಂದೆನಷ್ಟೆ. ಅವನೇ ನೇಮಿಸಿದ ಸಮಿತಿಯು 1833ರಲ್ಲಿ ವರದಿಯನ್ನು ಕೊಟ್ಟಮೇಲೆ, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಅವನಿಗೇ ಅನ್ನಿಸಿತು. ಆದರೆ ಅದು ನಡೆಯಲಿಲ್ಲ. ಕಮಿಷನರುಗಳ ಆಡಳಿತವು ಬೆಂಗಳೂರಿನಲ್ಲಿ ನೆಲೆಯೂರಿತು.

ಕೃಷ್ಣರಾಜ ಒಡೆಯರು ಕಳೆದುಕೊಂಡುದನ್ನು ಮರಳಿ ಪಡೆಯಲು ಕೊನೆಯವರೆಗೂ ಬರೆದರು, ಬೇಡಿದರು. 1868ರಲ್ಲಿ ಅದನ್ನು ಕಾಣದೆಯೇ ತೀರಿಕೊಂಡರು. ಅಠಾರಾ ಕಚೇರಿಯ ಕೆಂಪು ಕಟ್ಟಡವು ಮುಗಿದುದು ಅದೇ ವರ್ಷ.