ಖಿನ್ನತೆಗೆ ಒಂದೇ ಕಾರಣ ಹುಡುಕಬೇಡಿ

‘ಕೈತುಂಬ ಪಗಾರ, ಪುಣೆಯಾಗ ಸ್ವಂತ ಫ್ಲ್ಯಾಟು. ಅವಗೇನ ಕಮ್ಮಿ ಆಗೇತಿ?’ ಯಾರಿಗಾದರೂ ಖಿನ್ನತೆ ಎಂದು ಗೊತ್ತಾದರೆ ನಮ್ಮ ಧಾರವಾಡದ ಕಡೆ ಮೊದಲು ಕೇಳುವುದು ಇದನ್ನೇ. ಐಟಿಯವರಾದ ನಾವು ‘ರೂಟ್ ಕಾಸ್ ಏನು?’ ಎನ್ನುತ್ತೇವೆ. ಕಾರಣ ಒಂದೇ ಇರಬೇಕೆಂದು ಇಬ್ಬರೂ ನಂಬಿಬಿಟ್ಟಿದ್ದೇವೆ.

‘ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆ’ ಎಂಬ ವಿವರಣೆಯನ್ನೇ ನೋಡಿ. 1950ರ ದಶಕದಲ್ಲಿ ಕ್ಷಯಕ್ಕೆ ಕೊಟ್ಟ ಇಪ್ರೋನಿಯಾಜಿಡ್ ಎಂಬ ಔಷಧದಿಂದ ರೋಗಿಗಳು ಅನಿರೀಕ್ಷಿತವಾಗಿ ಗೆಲುವಾದರು. ರಾಸಾಯನಿಕದ ಕೊರತೆಯೇ ಖಿನ್ನತೆ ಎಂಬ ವಾದ ಬೆಳೆದದ್ದು ಇಂಥ ಔಷಧಗಳ ಬೆನ್ನು ಹಿಡಿದು. ಆದರೆ ಈಗಿನ ಮಾತ್ರೆಗಳು ಸೆರೊಟೋನಿನ್ ಮೇಲೆ ಕೆಲವೇ ಗಂಟೆಗಳಲ್ಲಿ ಪರಿಣಾಮ ಬೀರಿದರೂ ಮನಸ್ಸು ಹಗುರಾಗಲು ವಾರಗಳೇ ಬೇಕು. ಕೊರತೆಯೊಂದೇ ಕಾರಣವಾಗಿದ್ದರೆ ಇಷ್ಟು ತಡವೇಕೆ? ತಲೆನೋವು ಪ್ಯಾರಸಿಟಮಾಲ್‌ಗೆ ಹೋಯಿತೆಂದು ಪ್ಯಾರಸಿಟಮಾಲ್ ಕೊರತೆಯಿಂದಲೇ ಅದು ಬಂದಿತ್ತು ಎನ್ನುತ್ತೇವೆಯೇ? ಹಾಗೆಂದು ಮಾತ್ರೆ ವ್ಯರ್ಥವಲ್ಲ. ಅನೇಕರಿಗೆ ಅದು ಕೆಲಸ ಮಾಡುತ್ತದೆ, ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು.

ಖಿನ್ನತೆಯಲ್ಲಿ ಆನುವಂಶಿಕತೆಯ ಪಾಲು ಸುಮಾರು 37% ಎಂದು ಅವಳಿಗಳ ಅಧ್ಯಯನಗಳು ಅಂದಾಜಿಸಿವೆ. ಉಳಿದ ದೊಡ್ಡ ಪಾಲು ಬದುಕಿನದು. ಬಾಲ್ಯದ ಪೆಟ್ಟು, ಅಗಲಿಕೆ, ತಿಂಗಳುಗಟ್ಟಲೆ ಒತ್ತಡ ಇವೆಲ್ಲ ದೇಹಕ್ಕೂ ಇಳಿಯುತ್ತವೆ. ಕಾರ್ಟಿಸಾಲ್ ಏರುಪೇರಾಗುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟ ತಲೆ ಆದದ್ದನ್ನೇ ಮೆಲುಕು ಹಾಕುತ್ತದೆ, ಆಮೇಲೆ ನಿದ್ದೆ ಇನ್ನೂ ದೂರ. ಇದರಲ್ಲಿ ದೇಹದ್ದೆಷ್ಟು, ಮನಸ್ಸಿನದೆಷ್ಟು? ಥೈರಾಯ್ಡ್ ಕುಗ್ಗಿದರೂ, ಬಿ12 ಕೊರತೆಯಾದರೂ ಇಂಥದೇ ಮಂಕು ಕವಿಯಬಹುದು. ನಮ್ಮಂಥ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಅಪರೂಪವೇನಲ್ಲ.

ಪರಊರಿನಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ‘ಜೀವಕ್ಕ ಸಮಾಧಾನ ಇಲ್ಲ’ ಎಂಬುದನ್ನು ನಾನು ಮರಾಠಿಯಲ್ಲಾಗಲಿ ಹಿಂದಿಯಲ್ಲಾಗಲಿ ಹೇಗೆ ಹೇಳಲಿ? ‘ಟೆನ್ಷನ್’ ಎಂದಷ್ಟೇ ಹೇಳಿ ವೈದ್ಯರ ಬಳಿಯಿಂದ ಎದ್ದು ಬರುವವರೇ ಹೆಚ್ಚು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವೂ ಇದೆ. ದಿನದ 24 ಗಂಟೆಯೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಎರಡು ವಾರ ಕಳೆದರೂ ಮಂಕು ಸರಿಯದಿದ್ದರೆ ಕರೆ ಮಾಡಿ. ಸಾಯುವ ಯೋಚನೆ ಸುಳಿದರೆ ಆ ಕ್ಷಣವೇ. ನಿದ್ದೆ, ಊಟ, ಆಫೀಸು, ಊರಲ್ಲಿರುವ ತಂದೆತಾಯಿಯ ಚಿಂತೆ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದು, ಎಲ್ಲವನ್ನೂ ಹೇಳಿ. ವೈದ್ಯರ ಬಳಿ ಹೋದಾಗ ಥೈರಾಯ್ಡ್, ಬಿ12 ಪರೀಕ್ಷೆ ಬೇಕೇ ಎಂದೂ ಕೇಳಿ.