ಬಂಡೆಗೂ ಹಕ್ಕುದಾರರಿದ್ದಾರೆ

ಬಂಡೆ ಹತ್ತುವ ಕ್ರೀಡೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಥಾನ ಪಡೆಯಿತು. ನಗರದ ಒಳಾಂಗಣ ಗೋಡೆಗಳ ಮೇಲೆ ಪಳಗಿದ ಯುವಜನರು ಈಗ ನಿಜವಾದ ಬಂಡೆಗಳನ್ನು ಅರಸಿ ಹೊರಟಿದ್ದಾರೆ. ಇದು ಸ್ವಾಗತಾರ್ಹ. ಆದರೆ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವಾಗ ಬಂಡೆಯ ಎತ್ತರ, ಕಾಠಿಣ್ಯ, ಬೆಂಗಳೂರಿನಿಂದ ಇರುವ ದೂರ ಇವಿಷ್ಟನ್ನೇ ವಿಚಾರಿಸಿದರೆ ಸಾಲದು. ಆ ಬಂಡೆಯ ಮೇಲೆ ಬೇರೆ ಯಾರ ಹಕ್ಕಿದೆ ಎಂಬುದನ್ನೂ ಕೇಳಬೇಕು.

ರಾಮನಗರವನ್ನೇ ನೋಡಿ. ಸುಮಾರು 250 ಕೋಟಿ ವರ್ಷ ಹಳೆಯದಾದ ಅಲ್ಲಿನ ಗ್ರಾನೈಟ್ ಗಟ್ಟಿ, ಹಿಡಿತಕ್ಕೆ ಒದಗುವಂಥದು. ಆದರೆ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಅಂಚಿನಲ್ಲಿ ಗೂಡು ಕಟ್ಟಿ, ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಅದರ ಸಂತಾನಕಾಲವೂ ಆರೋಹಿಗಳಿಗೆ ಪ್ರಿಯವಾದ ಚಳಿಗಾಲವೂ ಒಟ್ಟಿಗೇ ಬರುತ್ತವೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧದಿಂದ ಅಳಿವಿನಂಚಿಗೆ ಬಂದ ಹಕ್ಕಿಗೆ ನೆಮ್ಮದಿಯ ಗೂಡನ್ನಾದರೂ ಬಿಟ್ಟುಕೊಡುವುದು ನ್ಯಾಯ.

ಬಾದಾಮಿಯ ಸಮಸ್ಯೆ ಬೇರೆ. ಅಲ್ಲಿನ ಕೆಂಪು ಬಂಡೆ ಮರಳುಗಲ್ಲು; ನೀರು ಹೀರಿದಾಗ ಬಲ ಕಳೆದುಕೊಳ್ಳುತ್ತದೆ. ಮಳೆ ನಿಂತ ಕೂಡಲೇ ಏರಿದರೆ ಹಿಡಿಗಲ್ಲು ಕಿತ್ತು ಬರಬಹುದು. ಅದು ಆರೋಹಿಗೂ ಅಪಾಯ, ಬಂಡೆಗೂ ಶಾಶ್ವತ ಗಾಯ. ಇದೇ ಮರಳುಗಲ್ಲಿನಲ್ಲಿ ಚಾಲುಕ್ಯರ ಶಿಲ್ಪಿಗಳು ಗುಹಾಲಯಗಳನ್ನು ಕೊರೆದರು. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು. ಅಂಥ ನೆರೆಯಲ್ಲಿ ಬೋಲ್ಟ್‌ಗೆಂದು ರಂಧ್ರ ಕೊರೆಯುವ ಮುನ್ನ ಕೈ ತಡೆಯಬೇಕು.

ಹಂಪಿಯ ಗುಂಡುಗಲ್ಲುಗಳನ್ನು ಹಗ್ಗ, ಬೋಲ್ಟ್‌ಗಳಿಲ್ಲದೆ, ಕೆಳಗೆ ದಪ್ಪ ಹಾಸು ಹರಡಿ ಏರುವುದುಂಟು. ಈ ಬೌಲ್ಡರಿಂಗ್‌ನಿಂದ ಬಂಡೆಗಾಗುವ ಹಾನಿ ಕಡಿಮೆ. ಆದರೂ ಪ್ರವಾಸಿಗರ ಬೇಡಿಕೆಯ ಬೆನ್ನಿಗೇ ವಸತಿಗೃಹಗಳು ಏಳುತ್ತವೆ. ವಿರೂಪಾಪುರ ಗಡ್ಡೆಯ ಅನಧಿಕೃತ ರೆಸಾರ್ಟ್‌ಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೆಲಸಮ ಮಾಡಿದಾಗ, ಅವನ್ನೇ ನಂಬಿದ್ದವರ ಜೀವನೋಪಾಯವೂ ಕುಸಿಯಿತು. ಎಲ್ಲಿ ತಂಗುತ್ತೇವೆ ಎಂಬುದೂ ತಾಣದ ಆಯ್ಕೆಯ ಭಾಗವೇ.

ಹಾಗಾದರೆ ಎಲ್ಲ ಬೆಟ್ಟಗಳಿಗೂ ಬೇಲಿ ಹಾಕಬೇಕೆ? ಖಂಡಿತ ಬೇಡ. ಜನರ ಒಡನಾಟವಿಲ್ಲದ ಬಂಡೆ ಕಲ್ಲುಗಣಿಯ ಪಾಲಾದರೆ ದನಿಯೆತ್ತುವವರೇ ಇರುವುದಿಲ್ಲ. ಬಂಡೆಯನ್ನು ಅಂಗೈಯಿಂದ ಬಲ್ಲವರು ಅದರ ಕಾವಲುಗಾರರೂ ಆಗಬಲ್ಲರು. ಅಮೆರಿಕದ ಯೊಸೆಮಿಟಿಯಲ್ಲಿ ಡೇಗೆ ಹಕ್ಕಿಗಳು ಗೂಡು ಕಟ್ಟುವ ಬಂಡೆಗಳನ್ನು ಪ್ರತಿವರ್ಷ ಆ ಅವಧಿಗೆ ಮಾತ್ರ ಮುಚ್ಚಿ, ಆಮೇಲೆ ತೆರೆಯುತ್ತಾರೆ. ನಮ್ಮ ಅರಣ್ಯ, ಪುರಾತತ್ವ ಮತ್ತು ಪ್ರವಾಸೋದ್ಯಮ ಇಲಾಖೆಗಳೂ ಆರೋಹಿಗಳನ್ನೂ ಊರವರನ್ನೂ ಕೂಡಿಸಿಕೊಂಡು ಒಂದು ನಕ್ಷೆ ಸಿದ್ಧಪಡಿಸಬೇಕು. ಯಾವ ಬಂಡೆ ಸದಾ ಮುಕ್ತ, ಯಾವುದು ಕೆಲವು ತಿಂಗಳು ಮಾತ್ರ, ಯಾವುದು ಎಂದಿಗೂ ವರ್ಜ್ಯ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಅಲ್ಲಿಯವರೆಗೆ, ಹೊರಡುವ ಮುನ್ನ ಊರವರನ್ನೂ ಅರಣ್ಯ ಸಿಬ್ಬಂದಿಯನ್ನೂ ವಿಚಾರಿಸುವ ಸೌಜನ್ಯ ಆರೋಹಿಗಳಲ್ಲಿರಲಿ.